ಅಮೆರಿಕನ್ ಬ್ಯಾಪ್ಟಿಸ್ಟ್ ಕಾಲೇಜು

ಅಮೆರಿಕದ ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ನಲ್ಲಿ ಕಪ್ಪು ಜನಾಂಗದ ಪಾದ್ರಿಗಳ ತರಬೇತಿಗೆಂದು 1924ರಲ್ಲಿ ತೆರೆದ ಧರ್ಮಶಾಸ್ತ್ರ ಕಾಲೇಜು. ಗಾತ್ರಕ್ಕೂ ಪ್ರಭಾವಕ್ಕೂ ತಾಳೆಯೇ ಇಲ್ಲ: ನಾಗರಿಕ ಹಕ್ಕು ಚಳವಳಿಯ ಜಾನ್ ಲೂಯಿಸ್, ಬರ್ನಾರ್ಡ್ ಲಾಫಯೆಟ್, ಜೇಮ್ಸ್ ಬೆವೆಲ್, ಸಿ. ಟಿ. ವಿವಿಯನ್ ಎಲ್ಲರೂ ಇಲ್ಲಿ ಓದಿದವರು. ಲೂಯಿಸ್ ಅಡುಗೆಮನೆಯಲ್ಲಿ ಪಾತ್ರೆ ತೊಳೆದು ಓದಿದರು. ಕ್ಯಾಂಪಸ್ಸಿನಲ್ಲಿ ಹಕ್ಕು ಸಂಘಟನೆ ಎನ್‌ಎಎಸಿಪಿಯ ಶಾಖೆ ತೆರೆಯುತ್ತೇನೆಂದಾಗ ಕಾಲೇಜಿನ ಅಧ್ಯಕ್ಷರು ಒಪ್ಪಲಿಲ್ಲ. ಬಿಳಿಯರ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ನಿನ ಹಣ ಕಾಲೇಜಿಗೆ ಬೇಕಿತ್ತು. ಹಾಗಾಗಿ ಚಳವಳಿಯ ಪಾಠ ನಡೆದದ್ದು ಹೊರಗೆ. ನಾಗಪುರದಲ್ಲಿದ್ದು ಗಾಂಧೀಜಿಯ ಸತ್ಯಾಗ್ರಹವನ್ನು ಅಭ್ಯಸಿಸಿ ಮರಳಿದ್ದ ಜೇಮ್ಸ್ ಲಾಸನ್ ಚರ್ಚೊಂದರಲ್ಲಿ ನಡೆಸುತ್ತಿದ್ದ ಶಿಬಿರಗಳಲ್ಲಿ, ಬೈದರೂ ಹೊಡೆದರೂ ಕೈಯೆತ್ತದಿರುವುದನ್ನು ಈ ಹುಡುಗರು ರೂಢಿಸಿಕೊಂಡರು. 1960ರ ಫೆಬ್ರವರಿಯಲ್ಲಿ ಫಿಸ್ಕ್ ಮುಂತಾದ ವಿದ್ಯಾಸಂಸ್ಥೆಗಳವರೊಡನೆ, ಬಿಳಿಯರಿಗಷ್ಟೇ ಊಟ ಕೊಡುತ್ತಿದ್ದ ಅಂಗಡಿಗಳಲ್ಲಿ ಧರಣಿ ಕೂತರು. ಮೇ 10ರಂದು ಅಂಗಡಿಗಳು ಮಣಿದವು. ಮರುವರ್ಷ, ಬಸ್ ಪ್ರಯಾಣದಲ್ಲಿನ ವರ್ಣಭೇದದ ವಿರುದ್ಧ ಕಪ್ಪು-ಬಿಳಿಯರು ಒಟ್ಟಿಗೆ ಕೈಗೊಂಡ ಫ್ರೀಡಂ ರೈಡ್ ಯಾತ್ರೆ ಹಿಂಸೆಯಿಂದಾಗಿ ನಿಂತೇಹೋಗುವಂತಾದಾಗ ಬಸ್ಸು ಹತ್ತಿ ಅದನ್ನು ಮುಂದುವರಿಸಿದವರಲ್ಲೂ ಲೂಯಿಸ್ ಇದ್ದರು.