ಅಳಿಸಲಾಗದ ಕಡತ, ಅದರ ಪದಸೂಚಿ

ನಮ್ಮ ಹಿಂದಿನ ವರ್ತಕರೂ ಮಠಗಳ ಪಾರುಪತ್ತೆಗಾರರೂ ಲೆಕ್ಕ ಬರೆದಿಡುತ್ತಿದ್ದ ಕಡತಕ್ಕೆ, ಎಂದರೆ ಹುಣಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಒಣಗಿಸಿ ಮಡಿಸಿದ ಕರಿಯ ಬಟ್ಟೆಗೆ, ಒಂದು ಸೌಲಭ್ಯವಿತ್ತು: ಬಳಪದಲ್ಲಿ ಬರೆದುದನ್ನು ಒರಸಿ ಹೊಸದಾಗಿ ಬರೆಯಬಹುದಾಗಿತ್ತು. 2009ನೆಯ ಇಸವಿ ಜನವರಿ 3ರಂದು ಬಿಟ್‌ಕಾಯಿನ್ನಿನ ಪ್ರಥಮ ಬ್ಲಾಕಿನೊಡನೆ ಆರಂಭವಾದ ಬ್ಲಾಕ್‌ಚೈನ್ ಎಂಬ ಲೆಕ್ಕದ ಪುಸ್ತಕವು ಇದಕ್ಕೆ ತೀರ ವಿರುದ್ಧವಾದ ಸಂಕಲ್ಪದಿಂದ ಹುಟ್ಟಿದುದು. ಅದರ ಪ್ರತಿಯೊಂದು ಪುಟವೂ ಹಿಂದಿನ ಪುಟದ ಗಣಿತಮುದ್ರೆಯನ್ನು ತನ್ನೊಳಗೆ ಹೊತ್ತಿರುವುದರಿಂದ, ನಡುವಿನ ಒಂದಕ್ಷರವನ್ನು ತಿದ್ದಬೇಕೆಂದರೂ ಅನಂತರದ ಪುಟಗಳನ್ನೆಲ್ಲ ಮತ್ತೆ ಬರೆಯಬೇಕು, ಅದರ ಪ್ರತಿಗಳನ್ನು ಇಟ್ಟುಕೊಂಡಿರುವ ಸಹಸ್ರಾರು ಕಂಪ್ಯೂಟರುಗಳು ಆ ತಿದ್ದುಪಡಿಗೆ ಒಪ್ಪಬೇಕು. ಹೀಗೆ ಅಳಿಸಲಾಗದ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಪುಸ್ತಕವೊಂದು ಲೋಕಕ್ಕೆ ದೊರೆಯಿತು. ಆದರೆ ತೆರೆದಿರುವುದು ಬೇರೆ, ಓದಲು ಬರುವುದು ಬೇರೆ. ಘಟನೆಗಳು ಕಾಲಕ್ರಮದಲ್ಲಿ ಮಾತ್ರ ಪೋಣಿಸಲ್ಪಟ್ಟಿರುವ ಆ ಪುಸ್ತಕದಲ್ಲಿ, ಇಂಥದೊಂದು ಟೋಕನ್ ಈವರೆಗೆ ಎಷ್ಟು ಕೈ ಬದಲಾಯಿಸಿತೆಂದು ಕೇಳಿದರೆ, ಮೊದಲ ಪುಟದಿಂದ ಕೊನೆಯವರೆಗೆ ಮಗುಚಿ ನೋಡುವುದಲ್ಲದೆ ಅನ್ಯಮಾರ್ಗವಿಲ್ಲ. ಪದಸೂಚಿಯಿಲ್ಲದ ಮಹಾಗ್ರಂಥ ಅದು. ಆ ಪದಸೂಚಿಯನ್ನು ಮಾಡುವವರು ಯಾರು, ಅವರು ಮಾಡಿದುದು ಸರಿಯೆಂದು ನಂಬುವ ಬಗೆ ಯಾವುದು ಎಂಬ ಎರಡು ಪ್ರಶ್ನೆಗಳ ಸುತ್ತ ಬೆಳೆದ ಉದ್ಯಮದ ಕಥೆಯನ್ನು ತಿಳಿದವನಿಗೆ, ದಿ ಗ್ರಾಫ್ ಎಂಬ ಜಾಲದ ಡ್ಯಾಶ್‌ಬೋರ್ಡಿನಲ್ಲಿ ಇಂದು ಕಾಣುವ ಅಂಕಿಗಳ ಅರಣ್ಯದಲ್ಲಿ ದಾರಿ ತಾನಾಗಿ ಕಾಣುತ್ತದೆ.

ಮೊದಲು ಬಂದವು ಎಕ್ಸ್‌ಪ್ಲೋರರುಗಳು. ಬಿಟ್‌ಕಾಯಿನ್ನಿಗೆ 2010ರಲ್ಲಿಯೇ ಒಂದು ಹುಟ್ಟಿತು. ಇಥೀರಿಯಮ್ ಎಂಬ ಮತ್ತೊಂದು ಬ್ಲಾಕ್‌ಚೈನ್ 2015ರ ಜುಲೈ 30ರಂದು ಆರಂಭವಾದ ವರ್ಷವೇ ಕ್ವಾಲಾಲಂಪುರದಲ್ಲಿ ಮ್ಯಾಥ್ಯೂ ಟ್ಯಾನ್ ಎಂಬುವರು ಇಥರ್‌ಸ್ಕ್ಯಾನನ್ನು ಕಟ್ಟಿದರು. ವಿಳಾಸವನ್ನು ಕೊಟ್ಟರೆ ಅದರ ವಹಿವಾಟುಗಳ ಪಟ್ಟಿಯನ್ನು ಕೊಡುವ ಈ ಸಾಧನಗಳು ಸಾಮಾನ್ಯನ ಕುತೂಹಲಕ್ಕೆ ಸಾಕಾಗುವಷ್ಟು ಉಪಕಾರವನ್ನು ಮಾಡಿದುವು, ಈಗಲೂ ಮಾಡುತ್ತಿವೆ. ಅವುಗಳಲ್ಲಿದ್ದ ವಿಪರ್ಯಾಸ ಮಾತ್ರ ಬಹುಜನರ ಕಣ್ಣಿಗೆ ಬೀಳಲಿಲ್ಲ: ಯಾರೊಬ್ಬರನ್ನೂ ನಂಬಬೇಕಾಗಿಲ್ಲವೆಂಬ ತತ್ತ್ವದ ಮೇಲೆ ನಿಂತ ಪುಸ್ತಕವನ್ನು ಓದುವುದಕ್ಕಾಗಿ ಒಂದು ಸಂಸ್ಥೆಯ ದತ್ತಕೋಶವನ್ನು ನಂಬಬೇಕಾಯಿತು. 2018ರಲ್ಲಿ ಗೂಗಲ್ ಸಂಸ್ಥೆ ತನ್ನ ಬಿಗ್‌ಕ್ವೆರಿ ಎಂಬ ದತ್ತಕೋಶಸೇವೆಯಲ್ಲಿ ಬಿಟ್‌ಕಾಯಿನ್ ಮತ್ತು ಇಥೀರಿಯಮ್ ದತ್ತಾಂಶಗಳನ್ನು ಸಾರ್ವಜನಿಕರಿಗೆ ತೆರೆದಿಟ್ಟಾಗಲೂ, ಅದೇ ವರ್ಷ ಓಸ್ಲೋ ನಗರದಲ್ಲಿ ಡ್ಯೂನ್ ಎಂಬ ವಿಶ್ಲೇಷಣಾ ಸೇವೆ ಹುಟ್ಟಿಕೊಂಡಾಗಲೂ ಸ್ಥಿತಿ ಅದೇ.

ತೊಡಕು ತೀವ್ರವಾದುದು ಇಥೀರಿಯಮ್ಮಿನ ಕಾಂಟ್ರ್ಯಾಕ್ಟುಗಳಿಂದ, ಎಂದರೆ ಆ ಪುಸ್ತಕದೊಳಗೇ ತಾವಾಗಿ ನಡೆಯುವ ತಂತ್ರಾಂಶಗಳಿಂದ. ಬಿಟ್‌ಕಾಯಿನ್ನಿನ ಪುಸ್ತಕದಲ್ಲಿ ಕೊಟ್ಟವನು, ಕೊಂಡವನು, ಮೊತ್ತ ಇಷ್ಟೇ ಮುಖ್ಯ. ಇಥೀರಿಯಮ್ಮಿನಲ್ಲಾದರೋ, 2018ರ ನವೆಂಬರಿನಲ್ಲಿ ಬಂದ ಯೂನಿಸ್ವಾಪಿನಂಥ ವಿನಿಮಯಶಾಲೆಯೊಂದರಲ್ಲಿ ನಡೆಯುವ ಪ್ರತಿ ಕೊಡುಕೊಳ್ಳುವಿಕೆಯೂ ಒಂದೊಂದು ಸಂಜ್ಞೆಯಾಗಿ ದಾಖಲೆಯಲ್ಲಿ ಉಳಿಯುತ್ತದೆ. ಆ ಸಂಜ್ಞೆಗಳನ್ನು ಆರಿಸಿ, ಕೂಡಿಸಿ, ಅರ್ಥವುಳ್ಳ ಕೋಷ್ಟಕಗಳನ್ನಾಗಿ ಮಾಡಿದ ಹೊರತು ಬಳಕೆದಾರನ ಪರದೆಯ ಮೇಲೆ ತೋರಿಸತಕ್ಕುದೇನೂ ಇರುವುದಿಲ್ಲ. ಆದಕಾರಣ ಪ್ರತಿಯೊಂದು ತಂಡವೂ ತನ್ನದೇ ಆದ ಖಾಸಗಿ ಸರ್ವರಿನಲ್ಲಿ ತನ್ನದೇ ಪದಸೂಚಿಯನ್ನು ಸಿದ್ಧಗೊಳಿಸಿಕೊಳ್ಳತೊಡಗಿತು. ಈ ವ್ಯರ್ಥ ಪುನರಾವೃತ್ತಿಯನ್ನು ಕಂಡ ಯಾನಿವ್ ತಾಲ್, ಯಾನಿಸ್ ಪೋಲ್‌ಮನ್, ಬ್ರ್ಯಾಂಡನ್ ರಮಿರೆಜ್ ಎಂಬ ಮೂವರು 2018ರಲ್ಲಿ ಗ್ರಾಫ್ ನೋಡ್ ಎಂಬ ತಂತ್ರಾಂಶವನ್ನು ಹೊರತಂದರು. ಅದರ ಮೂಲಘಟಕ ಸಬ್‌ಗ್ರಾಫ್. ಯಾವ ಕಾಂಟ್ರ್ಯಾಕ್ಟನ್ನು, ಯಾವ ಬ್ಲಾಕಿನಿಂದ ಮೊದಲುಗೊಂಡು ಗಮನಿಸಬೇಕೆಂಬ ಒಂದು ಪಟ್ಟಿ, ಫಲಿತಾಂಶವು ಯಾವ ಆಕಾರದಲ್ಲಿರಬೇಕೆಂಬ ಒಂದು ವಿನ್ಯಾಸ, ಸಂಜ್ಞೆಯನ್ನು ಆ ಆಕಾರಕ್ಕೆ ತರುವ ಒಂದಿಷ್ಟು ಸೂತ್ರಗಳು, ಇವು ಕೂಡಿದರೆ ಒಂದು ಸಬ್‌ಗ್ರಾಫ್ ಆಯಿತು. ಅದನ್ನು ಪ್ರಶ್ನಿಸುವುದು ಗ್ರಾಫ್‌ಕ್ಯುಎಲ್ ಭಾಷೆಯಲ್ಲಿ. ಆ ಭಾಷೆಯನ್ನು ಫೇಸ್‌ಬುಕ್ ಸಂಸ್ಥೆ ತನ್ನ ಬಳಕೆಗೆಂದು ರೂಪಿಸಿ 2015ರಲ್ಲಿ ಬಹಿರಂಗಪಡಿಸಿತ್ತು.

2019ರಿಂದ ಸಬ್‌ಗ್ರಾಫುಗಳ ಈ ಸೇವೆಯನ್ನು ಆ ಮೂವರ ಸಂಸ್ಥೆಯೇ ಸ್ವಂತ ಸರ್ವರುಗಳಲ್ಲಿ ಉಚಿತವಾಗಿ ನಡೆಸಿತು. ಅಲ್ಲಿಗೆ ಪದಸೂಚಿಯೇನೋ ಎಲ್ಲರದಾಯಿತು, ಕೀಲಿಕೈ ಮಾತ್ರ ಒಬ್ಬರಲ್ಲಿಯೇ ಉಳಿಯಿತು. ಇದರಲ್ಲೇನು ಅಪಾಯವೆಂದು ಕೇಳುತ್ತಿದ್ದವರಿಗೆ 2020ರ ನವೆಂಬರ್ 11ರಂದು ಬೇರೊಂದು ದಿಕ್ಕಿನಿಂದ ಉತ್ತರ ಬಂದಿತು. ಇಥೀರಿಯಮ್ಮನ್ನು ಬಹುಸಂಖ್ಯಾತ ಅನ್ವಯಗಳಿಗೆ ತಲಪಿಸುತ್ತಿದ್ದ ಇನ್‌ಫುರಾ ಎಂಬ ಸೇವೆ ಅಂದು ತನ್ನ ತಂತ್ರಾಂಶದ ಹಳೆಯ ಆವೃತ್ತಿಯೊಂದರ ದೋಷದಿಂದ ನಿಂತುಹೋಯಿತು. ಬ್ಲಾಕ್‌ಚೈನ್ ನಡೆಯುತ್ತಲೇ ಇದ್ದರೂ ಅದನ್ನು ನೋಡುವ ಕಿಟಕಿ ಮುಚ್ಚಿದುದರಿಂದ, ದೊಡ್ಡ ವಿನಿಮಯಶಾಲೆಗಳು ಸಹ ಕೆಲವು ಕಾಲ ಹಣ ಹಿಂತೆಗೆಯುವುದನ್ನು ತಡೆಹಿಡಿಯಬೇಕಾಯಿತು. ಮರುತಿಂಗಳು, ಡಿಸೆಂಬರ್ 17ರಂದು, ದಿ ಗ್ರಾಫಿನ ವಿಕೇಂದ್ರೀಕೃತ ಜಾಲ 1,000 ಕೋಟಿ ಜಿಆರ್‌ಟಿ ಟೋಕನ್ನುಗಳೊಡನೆ ಆರಂಭವಾಯಿತು. ಎರಡಕ್ಕೂ ಕಾರ್ಯಕಾರಣ ಸಂಬಂಧವಿಲ್ಲ; ಆದರೂ ಇಷ್ಟು ಸಮಯೋಚಿತವಾದ ಪೀಠಿಕೆ ಯಾವ ಉದ್ಯಮಕ್ಕೂ ಸುಲಭವಾಗಿ ಸಿಕ್ಕುವುದಿಲ್ಲ.

ಇನ್ನು ಡ್ಯಾಶ್‌ಬೋರ್ಡು. ಗ್ರಾಫ್ ಎಕ್ಸ್‌ಪ್ಲೋರರ್ ಎಂಬ ಆ ಪುಟಗಳನ್ನು ತೆರೆದರೆ ಸಬ್‌ಗ್ರಾಫುಗಳು, ಪಾತ್ರಧಾರಿಗಳು, ಸಮಗ್ರ ಜಾಲ ಎಂಬ ವಿಭಾಗಗಳು ಕಾಣುತ್ತವೆ. ಪಾತ್ರಧಾರಿಗಳಲ್ಲಿ ಮೂರು ವರ್ಗ. ಪದಸೂಚಿಯನ್ನು ಸಿದ್ಧಗೊಳಿಸಿ ಪ್ರಶ್ನೆಗಳಿಗೆ ಉತ್ತರ ಕೊಡುವವನು ಇಂಡೆಕ್ಸರ್. ಅವನು ಕನಿಷ್ಠ 1,00,000 ಜಿಆರ್‌ಟಿಯನ್ನು ಜಾಮೀನಾಗಿ ಇಟ್ಟಿರಬೇಕು, ತಪ್ಪು ಉತ್ತರ ಕೊಟ್ಟನೆಂದು ಸಿದ್ಧವಾದರೆ ಆ ಜಾಮೀನಿನಲ್ಲಿ ಒಂದು ಪಾಲು ಹೋಗುತ್ತದೆ. ಸ್ವತಃ ಯಂತ್ರಗಳನ್ನು ನಡೆಸದೆ ತನ್ನ ಟೋಕನ್ನುಗಳನ್ನು ಇಂಡೆಕ್ಸರನ ಬೆಂಬಲಕ್ಕೆ ಕೊಟ್ಟು ಪಾಲನ್ನು ಪಡೆಯುವವನು ಡೆಲಿಗೇಟರ್. ಯಾವ ಸಬ್‌ಗ್ರಾಫ್ ಯೋಗ್ಯವೆಂದು ತನ್ನ ಹಣದಿಂದಲೇ ಸೂಚಿಸುವವನು ಕ್ಯುರೇಟರ್. ಆ ಸೂಚನೆಗೆ ಸಿಗ್ನಲ್ ಎಂದು ಹೆಸರು, ಇಂಡೆಕ್ಸರುಗಳ ಬಹುಮಾನ ಯಾವ ಸಬ್‌ಗ್ರಾಫಿನ ಕಡೆಗೆ ಹರಿಯಬೇಕೆಂಬುದು ಅದನ್ನವಲಂಬಿಸಿದೆ.

ಹೊಸಬನು ಎಡವುವುದು ಇಂಡೆಕ್ಸರುಗಳ ಪಟ್ಟಿಯಲ್ಲಿ. ಸಾಲುಸಾಲಾಗಿ ನಿಂತ ಹೆಸರುಗಳ ಮುಂದೆ ಬಹುಮಾನದಲ್ಲಿ ಇಂಡೆಕ್ಸರ್ ಇಟ್ಟುಕೊಳ್ಳುವ ಕಡಿತ ಶೇಕಡಾ ಇಷ್ಟು ಎಂದಿರುತ್ತದೆ. ನಾನೂ ಮೊದಲ ಸಲ ಅದೊಂದನ್ನೇ ನೋಡಿ, ಕಡಮೆ ಕಡಿತದವನೇ ಉದಾರಿಯೆಂದು ತಿಳಿದಿದ್ದೆ. ಲೆಕ್ಕ ಹಾಗಿಲ್ಲ. ಇಂಡೆಕ್ಸರನ ಸ್ವಂತ ಟೋಕನ್ನು 20 ಲಕ್ಷ, ಡೆಲಿಗೇಟರುಗಳು ಕೊಟ್ಟುದು 80 ಲಕ್ಷ ಎಂದಿಟ್ಟುಕೊಳ್ಳೋಣ. ಕಡಿತ ಶೇ. 20 ಆದರೆ ಡೆಲಿಗೇಟರುಗಳಿಗೆ ಶೇ. 80 ಬರುತ್ತದೆ, ಅದು ಅವರ ಬಂಡವಾಳದ ಪಾಲಿಗೆ ಸರಿಸಮವಾದುದರಿಂದ, ಇಂಡೆಕ್ಸರ್ ವಾಸ್ತವವಾಗಿ ಅವರಿಂದ ಏನನ್ನೂ ತೆಗೆದುಕೊಳ್ಳಲಿಲ್ಲವೆಂದಾಯಿತು. ಕಡಿತ ಶೇ. 10 ಆದರೆ ಅವನು ತನ್ನ ಪಾಲಿನ ಅರ್ಧವನ್ನೇ ಅವರಿಗೆ ಬಿಟ್ಟುಕೊಟ್ಟಂತೆ. ಇದನ್ನು ತೋರಿಸುವುದಕ್ಕೆಂದೇ ವಾಸ್ತವಿಕ ಕಡಿತವೆಂಬ ಬೇರೊಂದು ಅಂಕಣವಿದೆ. ಮೊದಲ ನಿದರ್ಶನದಲ್ಲಿ ಅದು ಸೊನ್ನೆ, ಎರಡನೆಯದರಲ್ಲಿ ಋಣ 12.5. ಋಣಚಿಹ್ನೆಯನ್ನು ಕಂಡು ನಷ್ಟವೆಂದು ಹೆದರಿ ಓಡುವವರುಂಟು. ಡೆಲಿಗೇಟರನಿಗೆ ಅದು ಲಾಭದ ಚಿಹ್ನೆ. ಇದಕ್ಕೆ ಪ್ರತಿಯಾಗಿ, ಸ್ವಂತ ಟೋಕನ್ನು 20 ಲಕ್ಷ, ಇತರರದು 1 ಕೋಟಿ 80 ಲಕ್ಷ ಇರುವವನು ಅದೇ ಶೇ. 20ರ ಕಡಿತವನ್ನಿಟ್ಟರೆ, ಶೇ. 90ರ ಬಂಡವಾಳ ಕೊಟ್ಟವರಿಗೆ ಶೇ. 80ರ ಪಾಲಷ್ಟೆ ಬರುತ್ತದೆ. ಅಂಕಿ ಒಂದೇ, ಔದಾರ್ಯ ಬೇರೆ ಬೇರೆ.

ಎರಡನೆಯದಾಗಿ ನೋಡತಕ್ಕುದು ಸಾಮರ್ಥ್ಯದ ಅಂಕಣ. ಸ್ಥಾಪನಾಕಾಲದ ನಿಯಮದಂತೆ ಇಂಡೆಕ್ಸರನು ತನ್ನ ಸ್ವಂತ ಜಾಮೀನಿನ 16 ಪಟ್ಟಿನವರೆಗೆ ಮಾತ್ರ ಇತರರ ಟೋಕನ್ನುಗಳನ್ನು ದುಡಿಸಬಲ್ಲನು. ಅದಕ್ಕೆ ಮೀರಿ ಬಂದುದು ದುಡಿಯದೆ ಕುಳಿತು, ದುಡಿದವುಗಳ ಗಳಿಕೆಯಲ್ಲಿ ಪಾಲನ್ನು ಮಾತ್ರ ಬೇಡುತ್ತದೆ. ಕೂಲ್‌ಡೌನ್ ಎಂಬ ಮತ್ತೊಂದು ಅಂಕಣ, ಇಷ್ಟು ಕಾಲ ಈ ಕಡಿತವನ್ನು ಬದಲಾಯಿಸೆನೆಂದು ಇಂಡೆಕ್ಸರ್ ಕೊಡುತ್ತಿದ್ದ ವಚನವಾಗಿತ್ತು. ಅದು ಸೊನ್ನೆಯಾಗಿದ್ದರೆ ಇಂದಿನ ಔದಾರ್ಯ ನಾಳೆಗೆ ನಿಲ್ಲುವುದೆಂಬ ಭರವಸೆಯಿರಲಿಲ್ಲ. ಒಳಗೆ ಬರುವಾಗ ಶೇ. 0.5 ಸುಟ್ಟುಹೋಗುತ್ತಿದ್ದ, ಹೊರಗೆ ಹೋಗುವಾಗ 28 ಎಪಾಕ್, ಹೆಚ್ಚುಕಡಮೆ 28 ದಿನ, ಗಳಿಕೆಯಿಲ್ಲದೆ ಕಾಯಬೇಕಾಗಿದ್ದ ಆ ವ್ಯವಸ್ಥೆಯಲ್ಲಿ, ಗುಂಡಿಯನ್ನೊತ್ತುವುದಕ್ಕೆ ಮುಂಚೆ ಇವನ್ನು ಓದಿಕೊಳ್ಳುವುದು ವಿಹಿತವಾಗಿತ್ತು.

ಕ್ಯುರೇಟರುಗಳ ಕಥೆ ಅಷ್ಟು ಶೋಭಾಯಮಾನವಲ್ಲ. ಮೊದಲು ಬಂದವನಿಗೆ ಅಗ್ಗವಾಗಿಯೂ ತಡವಾಗಿ ಬಂದವನಿಗೆ ತುಟ್ಟಿಯಾಗಿಯೂ ಸಿಗ್ನಲ್ ದೊರೆಯುವಂತೆ ಏರುವ ಬೆಲೆಯ ರೇಖೆಯನ್ನು ಮೂಲದಲ್ಲಿ ಕಲ್ಪಿಸಿದ್ದರು. ಒಳ್ಳೆಯ ಸಬ್‌ಗ್ರಾಫನ್ನು ಬೇಗ ಗುರುತಿಸಿದ ವಿವೇಕಿಗೆ ಪಾರಿತೋಷಕ ಸಲ್ಲಲಿ ಎಂಬುದು ಆಶಯ. ಸಂದದ್ದು ವಿವೇಕಕ್ಕಲ್ಲ, ವೇಗಕ್ಕೆ. ಸಬ್‌ಗ್ರಾಫ್ ಪ್ರಕಟವಾದ ಕ್ಷಣದಲ್ಲಿಯೇ ಸ್ವಯಂಚಾಲಿತ ತಂತ್ರಾಂಶಗಳು ನುಗ್ಗಿ ಕೊಂಡು, ಹಿಂದೆ ಬಂದ ನಿಜವಾದ ಕ್ಯುರೇಟರನ ಹಣ ಬೆಲೆಯನ್ನೇರಿಸಿದೊಡನೆ ಮಾರಿಹೋದುವು. ಇಥೀರಿಯಮ್ಮಿನ ಶುಲ್ಕದ ಭಾರವೂ ಸಣ್ಣವರನ್ನು ದೂರವಿಟ್ಟಿತ್ತು. ಜಾಲವನ್ನು ಆರ್ಬಿಟ್ರಮ್ ಎಂಬ ಅಗ್ಗದ ಪದರಕ್ಕೆ ಸಾಗಿಸಿದಾಗ ಆ ರೇಖೆಯನ್ನು ಸಮತಟ್ಟು ಮಾಡಿ, ಎಲ್ಲರಿಗೂ ಒಂದೇ ಬೆಲೆಯೆಂದು ಗೊತ್ತುಪಡಿಸಿದರು. ಡ್ಯಾಶ್‌ಬೋರ್ಡಿನ ಮೇಲ್ಭಾಗದಲ್ಲಿ ಎರಡು ಜಾಲಗಳ ನಡುವೆ ಆಯ್ದುಕೊಳ್ಳುವ ಚಿಕ್ಕ ಗುಂಡಿ ಕಾಣಿಸಿಕೊಂಡುದು ಈ ವಲಸೆಯ ಗುರುತು. ತನ್ನ ಟೋಕನ್ನುಗಳು ಮಾಯವಾದುವೆಂದು ಗಾಬರಿಗೊಂಡವನು ಮೊದಲು ನೋಡಬೇಕಾದುದು ಆ ಗುಂಡಿಯನ್ನು.

ಈ ನಡುವೆ ಪದಸೂಚಿಯ ಕೆಲಸಕ್ಕೆ ಇತರರೂ ಇಳಿದರು: ಪೋಲ್ಕಡಾಟ್ ಎಂಬ ಬ್ಲಾಕ್‌ಚೈನಿನ ವಲಯದಿಂದ ಸಬ್‌ಕ್ವೆರಿ ಬಂದಿತು. ಕೋವಲೆಂಟ್, ಸಬ್‌ಸ್ಕ್ವಿಡ್ ಮೊದಲಾದುವು ಬೇರೆ ಬೇರೆ ಹಾದಿಗಳನ್ನು ಹಿಡಿದುವು. ದಿ ಗ್ರಾಫ್ ಸಂಸ್ಥೆಯ ಹಳೆಯ ಉಚಿತ ಸೇವೆ 2024ರ ಜೂನ್ 12ರಂದು ನಿಂತಿತು. ಅದಕ್ಕೆ ಬದಲಾಗಿ ತಿಂಗಳಿಗೆ 1,00,000 ಪ್ರಶ್ನೆಗಳನ್ನು ಜಾಲದಲ್ಲಿಯೇ ಉಚಿತವಾಗಿ ಕೇಳುವ ಏರ್ಪಾಡಾಯಿತು. ಅಭ್ಯಾಸಬಲದಿಂದ ಗೊಣಗಿದವರೂ ಕಡೆಗೆ ತಮ್ಮ ಸಬ್‌ಗ್ರಾಫುಗಳನ್ನು ಹೊತ್ತುಕೊಂಡು ಹೊಸ ಮನೆಗೋ ಬೇರೆಯವರ ಮನೆಗೋ ಸೇರಿದರು.

ಕಡೆಯದು ಸಮಗ್ರ ಜಾಲದ ಪುಟ. ಅಲ್ಲಿ ಇಂಡೆಕ್ಸರುಗಳಿಗೆ ಸಂದ ಬಹುಮಾನವೂ ಬಳಕೆದಾರರು ಪ್ರಶ್ನೆಗಳಿಗಾಗಿ ತೆತ್ತ ಶುಲ್ಕವೂ ಪ್ರತ್ಯೇಕವಾಗಿ ನಮೂದಾಗಿವೆ. ಬಹುಮಾನವೆಂಬುದು ಹೊಸದಾಗಿ ಅಚ್ಚಾದ ಟೋಕನ್ನು. ಆರಂಭದಲ್ಲಿ ಅದನ್ನು ವರ್ಷಕ್ಕೆ ಶೇ. 3ರಂತೆ, ಎಂದರೆ ಮೊದಲ ವರ್ಷಕ್ಕೆ ಸುಮಾರು 30 ಕೋಟಿಯಷ್ಟು, ನಿಗದಿ ಮಾಡಿದ್ದರು. ಶುಲ್ಕವೆಂಬುದು ಪದಸೂಚಿಯನ್ನು ನಿಜವಾಗಿ ಬಳಸಿದವನ ಜೇಬಿನಿಂದ ಬಂದುದು. ಮೊದಲನೆಯದು ಇಷ್ಟು ವರ್ಷಗಳಲ್ಲಿ ಎರಡನೆಯದನ್ನು ಬಹುದೂರ ಹಿಂದಿಕ್ಕಿ ನಡೆದಿದೆ. ಓದುಗರಿಂದ ಬದುಕುವ ಗ್ರಂಥಭಂಡಾರವೋ, ದತ್ತಿಯಿಂದ ಬದುಕುವ ಗ್ರಂಥಭಂಡಾರವೋ ಎಂಬುದನ್ನು ಹೇಳುವ ಅಂಕಿಗಳು ಇಡೀ ಡ್ಯಾಶ್‌ಬೋರ್ಡಿನಲ್ಲಿ ಇವೆರಡೇ ಎಂದು ನನ್ನ ಅಭಿಪ್ರಾಯ. ಏರಿಳಿಯುವ ಬೆಲೆಯ ಚಿತ್ರಗಳನ್ನು ದಾಟಿ, ತಿಂಗಳಿಗೊಮ್ಮೆ ಹೋಗಿ, ಅವೆರಡನ್ನು ಬರೆದುಕೊಂಡು ಬರುತ್ತೇನೆ.