ಒಂದು ದೇಶ, ಎರಡು ನೋಟು



ಪಾಠ ಹೇಳಲೆಂದು ನೀವು ಒಂದು ಹೊರದೇಶಕ್ಕೆ ಹೋಗಿದ್ದೀರಿ ಎಂದುಕೊಳ್ಳಿ. ಬ್ಯಾಂಕಿನಲ್ಲಿ ಡಾಲರ್ ಕೊಡುತ್ತೀರಿ. ಆದರೆ ಆ ದೇಶದ ಜನ ಬಳಸುವ ನೋಟು ನಿಮ್ಮ ಕೈಗೆ ಬರುವುದಿಲ್ಲ. ವಿದೇಶಿಯರಿಗಾಗಿಯೇ ಬೇರೆ ನೋಟು ಅಚ್ಚಾಗಿದೆ. ಎರಡರ ಬೆಲೆಯೂ ಸಮ ಎಂದು ಸರ್ಕಾರ ಹೇಳುತ್ತದೆ; ಕೆಲವು ಅಂಗಡಿಗಳಲ್ಲಿ ಮಾತ್ರ ನಿಮ್ಮ ನೋಟಷ್ಟೇ ನಡೆಯುತ್ತದೆ. ಇದು ಕಟ್ಟುಕಥೆಯಲ್ಲ. ಚೀನಾದಲ್ಲಿ 1980ರ ಏಪ್ರಿಲ್‌ನಿಂದ ಹದಿನಾಲ್ಕು ವರ್ಷ ನಡೆದ ವ್ಯವಸ್ಥೆ. ಆ ನೋಟಿನ ಹೆಸರು ವಿದೇಶಿ ವಿನಿಮಯ ಪತ್ರ.

ಇದೇಕೆ ಬೇಕಾಯಿತು? 1978ರ ಕೊನೆಯಲ್ಲಿ ಚೀನಾ ತನ್ನ ಬಾಗಿಲನ್ನು ಹೊರಜಗತ್ತಿಗೆ ತೆರೆಯಲು ನಿರ್ಧರಿಸಿತು. ಯಂತ್ರಗಳನ್ನು ಕೊಳ್ಳಲು ಅದಕ್ಕೆ ಡಾಲರ್ ಬೇಕಿತ್ತು. ವಿದೇಶಿಯರು ತಂದ ಡಾಲರನ್ನು ಬ್ಯಾಂಕ್ ಆಫ್ ಚೀನಾ ಇಟ್ಟುಕೊಂಡು ಈ ಪತ್ರಗಳನ್ನು ಕೊಡುತ್ತಿತ್ತು. ದೊಡ್ಡ ಹೋಟೆಲುಗಳಲ್ಲಿ, 'ಫ್ರೆಂಡ್‌ಶಿಪ್ ಸ್ಟೋರ್' ಎಂಬ ಸರ್ಕಾರಿ ಮಳಿಗೆಗಳಲ್ಲಿ ಅವು ಬಳಕೆಯಾಗುತ್ತಿದ್ದವು. ಆ ಮಳಿಗೆಗಳಲ್ಲಿ ಚಾಕೊಲೇಟ್, ವಿದೇಶಿ ಪತ್ರಿಕೆಗಳು, ಬೇರೆಡೆ ಸಿಗದ ಆಮದು ಸಾಮಾನುಗಳು ಇರುತ್ತಿದ್ದವು. ಸಾಮಾನ್ಯ ಚೀನೀಯರಿಗೆ ಬಹುಕಾಲ ಅದರೊಳಗೆ ಪ್ರವೇಶವೇ ಇರಲಿಲ್ಲ.

ಬಾಗಿಲಿನ ಹೊರಗಿನ ಬದುಕು ಬೇರೆಯಾಗಿತ್ತು. 1955ರಿಂದ ಚೀನಾದ ನಗರವಾಸಿಗಳು ಅಕ್ಕಿ, ಹಿಟ್ಟು ಕೊಳ್ಳಲು ಹಣದ ಜೊತೆಗೆ ಪಡಿತರ ಚೀಟಿಯನ್ನೂ ಕೊಡಬೇಕಿತ್ತು. ಮದುವೆಯಾಗುವ ಹುಡುಗನ ಮನೆಯಲ್ಲಿ 'ತಿರುಗುವ ಮೂರು, ಸದ್ದು ಮಾಡುವ ಒಂದು' ಇರಬೇಕೆಂಬ ಮಾತು ಆಗ ಬಳಕೆಯಲ್ಲಿತ್ತು. ಸೈಕಲ್, ಹೊಲಿಗೆ ಯಂತ್ರ, ಕೈಗಡಿಯಾರ ಇವು ತಿರುಗುವ ಮೂರು; ಸದ್ದು ಮಾಡುವುದು ರೇಡಿಯೋ. ಎಂಬತ್ತರ ದಶಕದಲ್ಲಿ ಆ ಆಸೆಯ ಪಟ್ಟಿಗೆ ಟಿ.ವಿ., ಫ್ರಿಜ್, ಬಟ್ಟೆ ಒಗೆಯುವ ಯಂತ್ರ ಬಂದವು. ಹೀಗಿರುವಾಗ ವಿದೇಶಿಯನ ಜೇಬಿನ ನೋಟಿಗೆ ಕಾಳಸಂತೆಯಲ್ಲಿ ಹೆಚ್ಚಿನ ಬೆಲೆ ಬಂದುದರಲ್ಲಿ ಆಶ್ಚರ್ಯವೇನಿದೆ?

ಇಲ್ಲಿ ನೀವು ಗಮನಿಸಬೇಕಾದ ಸಂಗತಿಯೊಂದಿದೆ. ಅತಿಥಿಗೆ ಸೌಲಭ್ಯ ಕೊಡುವ ವ್ಯವಸ್ಥೆಯೇ ಅವನನ್ನು ಊರಿನಿಂದ ದೂರವಿಡುತ್ತಿತ್ತು. ಇದಕ್ಕೆ ಹಳೆಯ ಬೇರುಗಳಿದ್ದವು. ಸೋವಿಯತ್ ತಜ್ಞರ ವಾಸಕ್ಕೆಂದು 1954ರಲ್ಲಿ ಬೀಜಿಂಗ್‌ನಲ್ಲಿ ಫ್ರೆಂಡ್‌ಶಿಪ್ ಹೋಟೆಲ್ ಕಟ್ಟಲಾಯಿತು. 1960ರಲ್ಲಿ ಅವರು ಹೊರಟುಹೋದ ಮೇಲೆ ಇತರ ವಿದೇಶಿ ತಜ್ಞರು ಅಲ್ಲಿ ನೆಲೆಸಿದರು. ಒಳ್ಳೆಯ ಊಟ, ಹೆಚ್ಚಿನ ಸಂಬಳ, ಬಾಗಿಲಲ್ಲಿ ಕಾವಲು. ನೋಡಲು ಬರುವ ಚೀನೀ ಗೆಳೆಯ ಮೊದಲು ತನ್ನ ಹೆಸರು ಬರೆಸಬೇಕಿತ್ತು.

ಈ ಗೌರವ ಬೇಡವೆಂದವರೂ ಇದ್ದರು. ವಿಜ್ಞಾನ ಓದಿದ ನನ್ನನ್ನು ಬಹುವಾಗಿ ಕಾಡಿದ ಹೆಸರು ಜೋನ್ ಹಿಂಟನ್. ಈಕೆ ಅಮೆರಿಕದ ಭೌತವಿಜ್ಞಾನಿ. ಲಾಸ್ ಅಲಮೋಸ್‌ನಲ್ಲಿ ಎನ್ರಿಕೊ ಫರ್ಮಿಯವರ ಜೊತೆ ದುಡಿದವರು; 1945ರ ಜುಲೈ 16ರಂದು ಮೊದಲ ಪರಮಾಣು ಸ್ಫೋಟವನ್ನು ದೂರದ ಗುಡ್ಡದಿಂದ ಕಣ್ಣಾರೆ ಕಂಡವರು. ಹಿರೋಷಿಮಾದ ನಂತರ ಆ ವಿಜ್ಞಾನ ಅವರಿಗೆ ಬೇಡವಾಯಿತು. 1948ರಲ್ಲಿ ಚೀನಾಕ್ಕೆ ಹೋದರು, ಪತಿ ಅರ್ವಿನ್ ಎಂಗ್ಸ್ಟ್ ಜೊತೆ ಹಳ್ಳಿಗಾಡಿನಲ್ಲಿ ಹಸು ಸಾಕಿದರು, ಹಾಲು ಸಂಸ್ಕರಿಸುವ ಯಂತ್ರಗಳನ್ನು ರೂಪಿಸಿದರು. 1966ರಲ್ಲಿ ಬೀಜಿಂಗ್‌ಗೆ ಬಂದಾಗ ವಿದೇಶಿಯರಿಗೆ ಸಿಗುವ ಸೌಲಭ್ಯಗಳು ಅವರಿಗೂ ಸಿಕ್ಕವು. ಆ ವರ್ಷದ ಆಗಸ್ಟ್‌ನಲ್ಲಿ ದಂಪತಿಗಳು ಇನ್ನಿಬ್ಬರು ಅಮೆರಿಕನ್ನರೊಡನೆ ಸೇರಿ ಒಂದು ಭಿತ್ತಿಪತ್ರ ಬರೆದರು. ಸಂಬಳದಲ್ಲಿ, ವಸತಿಯಲ್ಲಿ, ಕೆಲಸದಲ್ಲಿ ತಮ್ಮನ್ನು ಚೀನೀಯರಂತೆಯೇ ಕಾಣಬೇಕೆಂಬುದು ಅದರ ಬೇಡಿಕೆ. ಮಾವೋ ಅದಕ್ಕೆ ಒಪ್ಪಿಗೆ ಸೂಚಿಸಿದರು.

ಆದರೆ ಒಪ್ಪಿಗೆಯಿಂದ ಗೋಡೆ ಬೀಳಲಿಲ್ಲ. ಸಾಂಸ್ಕೃತಿಕ ಕ್ರಾಂತಿಯ ಬಿಸಿಯಲ್ಲಿ ವಿದೇಶಿಯರ ಮೇಲೆ ಗೂಢಚಾರರೆಂಬ ಸಂಶಯ ಬಂತು. ಇಂಗ್ಲಿಷ್ ಕಲಿಸುತ್ತಿದ್ದ ಬ್ರಿಟನ್ನಿನ ಡೇವಿಡ್ ಕ್ರೂಕ್ 1967ರಲ್ಲಿ, ಪತ್ರಕರ್ತ ಇಸ್ರೇಲ್ ಎಪ್‌ಸ್ಟೈನ್ 1968ರಲ್ಲಿ ಸೆರೆಯಾದರು. ಇಬ್ಬರಿಗೂ ಬಿಡುಗಡೆಯಾದದ್ದು 1973ರಲ್ಲಿ. ಆ ವರ್ಷದ ಮಾರ್ಚ್ 8ರಂದು ಪ್ರಧಾನಿ ಚೌ ಎನ್-ಲಾಯ್ ವಿದೇಶಿ ತಜ್ಞರ ಸಭೆಯಲ್ಲಿ ಕ್ಷಮೆ ಕೋರಿದರು. ನಿನ್ನೆ ವಿಶೇಷ ಊಟ, ಇಂದು ವಿಶೇಷ ಸಂಶಯ. ಎರಡಕ್ಕೂ ಮೂಲ ಒಂದೇ, 'ಇವನು ಹೊರಗಿನವನು' ಎಂಬ ಭಾವನೆ.

ಗೋಡೆಯನ್ನು ಸಡಿಲಿಸಿದ್ದು ಮುಖ್ಯವಾಗಿ ಮಾರುಕಟ್ಟೆ. ಅಂಗಡಿಗಳಲ್ಲಿ ಸಾಮಾನು ತುಂಬಿದಾಗ ಚೀಟಿಗೂ ಬೆಲೆ ಹೋಯಿತು, ವಿಶೇಷ ನೋಟಿಗೂ ಬೆಲೆ ಹೋಯಿತು. 1993ರಲ್ಲಿ ಧಾನ್ಯದ ಪಡಿತರ ಚೀಟಿ ನಿಂತಿತು. 1994ರ ಜನವರಿ 1ರಂದು ಎರಡು ವಿನಿಮಯ ದರಗಳನ್ನು ಒಂದು ಮಾಡಿದರು, ಡಾಲರಿಗೆ 5.8 ಯುವಾನ್ ಇದ್ದ ಅಧಿಕೃತ ದರ 8.7ಕ್ಕೆ ಬಂತು. ಅಂದಿನಿಂದ ಹೊಸ ವಿನಿಮಯ ಪತ್ರಗಳ ವಿತರಣೆ ನಿಂತಿತು, ಮರುವರ್ಷ ಅವು ಚಲಾವಣೆಯಿಂದಲೇ ಮರೆಯಾದವು.

2020ರ ಜನಗಣತಿಯ ವೇಳೆಗೆ ಚೀನಾದ ಮುಖ್ಯ ಭೂಭಾಗದಲ್ಲಿ ಸುಮಾರು 8 ಲಕ್ಷ 45 ಸಾವಿರ ವಿದೇಶಿಯರು ವಾಸವಾಗಿದ್ದರು. ಈಗ ಹಣ್ಣಿನ ಗಾಡಿಯವನೂ ಮೊಬೈಲ್ ಮೂಲಕವೇ ಹಣ ಪಡೆಯುತ್ತಾನೆ. ಅಲ್ಲಿಯ ಬ್ಯಾಂಕ್ ಖಾತೆ ಇಲ್ಲದ ವಿದೇಶಿಗೆ ಇದೇ ಹೊಸ ತೊಡಕಾಗಿತ್ತು. 2023ರಲ್ಲಿ ಹೊರದೇಶದ ಕಾರ್ಡುಗಳನ್ನು ಈ ವ್ಯವಸ್ಥೆಗೆ ಜೋಡಿಸುವುದನ್ನು ಸುಲಭಗೊಳಿಸಲಾಯಿತು. ಎಂಬತ್ತರ ದಶಕದಲ್ಲಿ ಎಲ್ಲರೂ ಬಯಸಿದ್ದು ವಿದೇಶಿಯ ನೋಟನ್ನು. ಇಂದು ಊರಿನವರಂತೆ ಹಣ ಕೊಡಲು ಬಯಸುವವನು ವಿದೇಶಿ.

ಮಿತ್ರರೇ, ಚೀನೀ ಭಾಷೆಯಲ್ಲಿ ವಿದೇಶಿಯನ್ನು ಆಡುಮಾತಿನಲ್ಲಿ 'ಲಾವ್‌ವಾಯ್' ಎನ್ನುತ್ತಾರೆ. 'ವಾಯ್' ಎಂದರೆ ಹೊರಗೆ. ಹಳೆಯ ತಲೆಮಾರಿನ ನೆರೆಹೊರೆಯವರು ಎದುರಾದಾಗ ಕೇಳುವುದು 'ಊಟ ಆಯ್ತಾ?' ಎಂದು. ಪಶ್ಚಿಮದಿಂದ ಬಂದ ಹೊಸಬ ಇದನ್ನು ಊಟದ ಕರೆಯೆಂದು ತಪ್ಪು ತಿಳಿದಾನು. ಕನ್ನಡಿಗನಿಗೆ ಆ ಗೊಂದಲವಿಲ್ಲ. ನಮ್ಮ ಬೀದಿಯಲ್ಲೂ ಅದೇ ಮಾತು. ನಾಳೆ ನೀವು ಓದಿಗೋ ಕೆಲಸಕ್ಕೋ ಹೊರದೇಶಕ್ಕೆ ಹೋಗಬಹುದು. ಹೊರಗಿನವರು ನಿಮ್ಮ ಕಾಲೇಜಿಗೆ ಬರಬಹುದು. ಅತಿಥಿಯಾಗಿ ಉಳಿಯುವುದು ಸುಲಭ, ನೆರೆಯವನಾಗುವುದು ಕಷ್ಟ. ಅದಕ್ಕೆ ಒಂದೇ ಅಂಗಡಿಯ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.