ಆಡಿದ ಮಾತಿಗೆ ಎದುರು ಕೂತು

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಚೆಂಡೆ ಮದ್ದಳೆ ನಿಲ್ಲುತ್ತದೆ, ಕೂತಲ್ಲಿಂದಲೇ ಅರ್ಥಧಾರಿ ಆ ಪದ್ಯಕ್ಕೆ ಮಾತು ಕಟ್ಟುತ್ತಾನೆ. ಪದ್ಯ ಗ್ರಂಥದಲ್ಲಿದೆ, ಅರ್ಥ ಎಲ್ಲಿಯೂ ಬರೆದಿಲ್ಲ. ಎದುರಿಗೆ ಕೂತವನು ಏನು ಕೇಳುತ್ತಾನೆಂಬುದು ಕೇಳುವ ತನಕ ತಿಳಿಯದು. ಇಂಥ ಕಲೆ ತಲೆಮಾರುಗಳ ಉದ್ದಕ್ಕೂ ಹದವಾಗುತ್ತ ಬಂದದ್ದು ಹೇಗೆ? ಬರೆದ ನಾಟಕವನ್ನು ತಿದ್ದಬಹುದು. ಗಾಳಿಗೆ ಹೋದ ಮಾತನ್ನು ತಿದ್ದುವುದು ಎಲ್ಲಿ? ಪಾಂಡಿತ್ಯ, ಪುರಾಣದ ಓದು, ಹುಟ್ಟಿನಿಂದ ಬಂದ ವಾಗ್ಮಿತೆ ಎಂಬ ಉತ್ತರ ಸಾಮಾನ್ಯವಾಗಿ ಸಿಗುತ್ತದೆ. ನನಗೆ ಅದು ಸಾಲದು. ಕೂಟ ಮುಗಿದ ಮೇಲೆ ಆಡಿದ್ದನ್ನು ಮತ್ತೆ ತೂಗಿ ನೋಡುವ ಕೆಲಸವೇ ಈ ಕಲೆಯನ್ನು ಬೆಳೆಸಿದ್ದು. ಆ ಕೆಲಸವನ್ನು ಕಲಾವಿದನ ಇಷ್ಟಕ್ಕೆ ಬಿಡದೆ, ಅವನು ಮಾಡಲೇಬೇಕಾಗುವಂಥ ಏರ್ಪಾಡು ಕಲೆಯ ಒಳಗೇ ಇತ್ತು.

ಬಳ್ಳಾರಿ ಸೀಮೆಯ ಕುರುಗೋಡಿನ 1556ರ ಶಾಸನದಲ್ಲಿ ತಾಳಮದ್ದಳೆಯವರಿಗೆ ಭೂಮಿ ಬಿಟ್ಟ ಉಲ್ಲೇಖವಿದೆ. ಅವರು ಆಡಿದ ಮಾತಿನ ಬಗ್ಗೆ ಶಾಸನ ಏನೂ ಹೇಳುವುದಿಲ್ಲ. ಮಾತು ಮುಖ್ಯವಾಗಿ ಬೆಳೆದು ನಿಂತ ತಾಳಮದ್ದಳೆಯನ್ನು ಕಾಣಬೇಕಾದರೆ ಕರಾವಳಿಗೆ, ಮಲೆನಾಡಿಗೆ, ಕಾಸರಗೋಡಿನ ಕಡೆಗೆ ಬರಬೇಕು. ಮಳೆಗಾಲದ ಹೊಸ್ತಿಲಲ್ಲಿ ಬರುವ ತುಳುವರ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮುಂದಿನ ತಿರುಗಾಟದ ತನಕ ಹೊರಗೆ ಆಟವಿಲ್ಲ. ಆ ಮಳೆಗಾಲದಲ್ಲಿ ಮನೆಯ ಚಾವಡಿಯಲ್ಲಿ, ದೇವಸ್ಥಾನದಲ್ಲಿ, ಊರಿನ ಸಂಘದಲ್ಲಿ ಕೂಟಗಳು ನಡೆಯುತ್ತಿದ್ದವು. ಪ್ರಸಂಗಗಳೂ ಬಳಕೆಯವೇ: ವಾಲಿವಧೆ, ಕೃಷ್ಣಸಂಧಾನ, ಕರ್ಣಪರ್ವ, ಸುಧನ್ವಾರ್ಜುನ. ಕೇಳುವವರೂ ಹೆಚ್ಚಾಗಿ ಅವರೇ. ಹೋದ ಸಲ ಕರ್ಣ ಎಲ್ಲಿ ತಡವರಿಸಿದ, ಯಾವ ಪ್ರಶ್ನೆಗೆ ಉತ್ತರ ಬರಲಿಲ್ಲ ಎಂಬುದು ಸಭೆಗೆ ನೆನಪಿರುತ್ತಿತ್ತು. ಹೊಸ ಕಥೆಯ ಕುತೂಹಲ ಇಲ್ಲದ ಕಡೆ ಕಿವಿ ಹೋಗುವುದು ಹೇಳಿದ ರೀತಿಯ ಮೇಲೆಯೇ. ಅಂಥ ಸಭೆಯ ಮುಂದೆ ಮತ್ತೆ ಕೂರಬೇಕಾದವನಿಗೆ ತನ್ನ ಹಿಂದಿನ ಮಾತನ್ನು ಮರೆಯುವ ಅನುಕೂಲ ಇರಲಿಲ್ಲ.

ಇದಕ್ಕಿಂತ ದೊಡ್ಡ ಒತ್ತಾಯ ಪಾತ್ರ ಹಂಚುವ ಪದ್ಧತಿಯದು. ಒಬ್ಬ ಅರ್ಥಧಾರಿಗೆ ಒಂದೇ ಪಾತ್ರ ಎಂಬ ಕಟ್ಟು ಇಲ್ಲಿಲ್ಲ. ಇಂದು ವಾಲಿಯಾದವನು ಇನ್ನೊಂದು ಕೂಟದಲ್ಲಿ ರಾಮನಾಗಿ ಕೂರಬೇಕಾದೀತು. ವಾಲಿವಧೆಯ ಜೀವ ಇರುವುದು ಬಾಣ ತಗುಲಿದ ಮೇಲಿನ ಸಂವಾದದಲ್ಲಿ: ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ, ನಿನಗೂ ನನಗೂ ಏನು ವೈರ, ಸುಗ್ರೀವ ಕೊಡುವ ಯಾವ ನೆರವನ್ನು ನಾನು ಕೊಡಲಾರದೆ ಹೋಗುತ್ತಿದ್ದೆ? ಈ ಪ್ರಶ್ನೆಗಳನ್ನು ಹರಿತಗೊಳಿಸಿದಷ್ಟೂ ವಾಲಿಗೆ ಕೀರ್ತಿ. ಆದರೆ ಅದೇ ಪ್ರಶ್ನೆಯನ್ನು ಎದುರಿಸಿ ರಾಮನಾಗಿ ಉತ್ತರ ಕೊಡಬೇಕಾದ ದಿನ, ತಾನು ಎಸೆದ ಪ್ರಶ್ನೆಯಲ್ಲಿ ನ್ಯಾಯವೆಷ್ಟು, ಚಪ್ಪಾಳೆಗಾಗಿ ಸೇರಿದ ಖಾರವೆಷ್ಟು ಎಂದು ಅವನಿಗೆ ಗೊತ್ತಾಗುತ್ತದೆ. ಆಡಿದ ಮಾತನ್ನು ಪರೀಕ್ಷಿಸಲು ಅದರ ಎದುರು ಹೋಗಿ ಕೂರುವುದಕ್ಕಿಂತ ಕಠಿಣವಾದ ದಾರಿ ನನಗೆ ಕಾಣದು. ವಾಲಿ, ರಾವಣ, ಮಾಗಧ ಪಾತ್ರಗಳಿಗೆ ಹೆಸರಾದ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಅರ್ಥವನ್ನು ರಸಿಕರು ಇಂದಿಗೂ ನೆನೆಯುವುದು ಅಲ್ಲಿನ ವಾದದ ತೀಕ್ಷ್ಣತೆಗಾಗಿ. ಆ ತೀಕ್ಷ್ಣತೆ ಎದುರಾಳಿಯ ಉತ್ತರವನ್ನು ಮೊದಲೇ ಬಲ್ಲ ಮನಸ್ಸಿನಿಂದ ಬರುವಂಥದು.

ಇದಕ್ಕೊಂದು ಆಕ್ಷೇಪ ಸಹಜ. ಕೂಟ ಮುಗಿದ ಮೇಲೆ ನಡೆಯುವುದು ವಿಮರ್ಶೆಯಲ್ಲ, ಗೆದ್ದವರು ಸೋತವರ ಲೆಕ್ಕ; ಜೋಡಿಗಳ ಅಭಿಮಾನಿಗಳು ಪಕ್ಷ ಕಟ್ಟಿ ಜಗಳವಾಡಿದ್ದೂ ಇದೆಯಲ್ಲ ಎಂದು ಕೇಳಬಹುದು. ಹಾಗೆ ನಡೆದದ್ದುಂಟು, ಅದರಿಂದ ಕಲೆಗೆ ಕೇಡೂ ಆಗಿದೆ. ಆದರೆ ಗೆಲುವಿನ ಲೆಕ್ಕ ಈ ಕಲೆಯಲ್ಲಿ ಬಹಳ ದೂರ ನಡೆಯದು, ಏಕೆಂದರೆ ಪ್ರಸಂಗದ ಕೊನೆ ಮೊದಲೇ ನಿಶ್ಚಯವಾಗಿದೆ. ವಾಲಿ ಎಷ್ಟೇ ಪ್ರಬಲವಾಗಿ ವಾದಿಸಲಿ, ಕೊನೆಗೆ ಅಂಗದನನ್ನು ರಾಮನ ಕೈಗೊಪ್ಪಿಸಿ ಪ್ರಾಣ ಬಿಡಬೇಕು. ರಾಮನ ಬಾಯಿ ಕಟ್ಟಿಸಿದ ವಾಲಿ ಮರುಗಳಿಗೆ ಶರಣಾದರೆ ಆ ಶರಣಾಗತಿಗೆ ಅರ್ಥವೇ ಇರುವುದಿಲ್ಲ. ಕೃಷ್ಣಸಂಧಾನದ ಕೌರವನಿಗೂ ಇದೇ ಕಟ್ಟು. ಆದ್ದರಿಂದ ನಿಜವಾದ ಅರ್ಥಧಾರಿ ಕೇಳಿಕೊಳ್ಳಬೇಕಾದ್ದು ಎದುರಿನವನು ಸೋತನೇ ಎಂದಲ್ಲ. ಪದ್ಯದ ಆಶಯ ಬಿಟ್ಟು ಹೋದೆನೇ, ಎದುರಿನವನಿಗೆ ಮಾತಿನ ಎಡೆ ಉಳಿಸಿದೆನೇ, ಪ್ರಸಂಗ ಮುಟ್ಟಬೇಕಾದಲ್ಲಿಗೆ ಮುಟ್ಟಿತೇ ಎಂದು. ಔಚಿತ್ಯ ಎಂಬ ಹಳೆಯ ಮಾತು ಇಲ್ಲಿ ಬರೀ ಅಲಂಕಾರಶಾಸ್ತ್ರದ್ದಲ್ಲ. ಮಾತು ಅತಿಯಾದಾಗ ಭಾಗವತರು ಮುಂದಿನ ಪದ್ಯ ಎತ್ತಿಯೇಬಿಡುತ್ತಾರೆ. ಸಭೆಯ ನಡುವೆಯೇ ಬರುವ ಆ ತೀರ್ಪಿಗೆ ಮೇಲ್ಮನವಿಯಿಲ್ಲ.

ಇನ್ನೊಂದು ಆಕ್ಷೇಪ ಸೂಕ್ಷ್ಮವಾದದ್ದು. ಹೀಗೆ ತೂಗಿ ತಿದ್ದಿ ಸಿದ್ಧಪಡಿಸಿದ ಮಾತು ಆಶುವಾಗಿ ಉಳಿಯುತ್ತದೆಯೇ? ಅನುಭವಿಗಳ ಪೀಠಿಕೆ, ಅಂದರೆ ಪಾತ್ರ ತನ್ನನ್ನು ಸಭೆಗೆ ಪರಿಚಯಿಸಿಕೊಳ್ಳುವ ಮೊದಲ ಮಾತು, ಬಹುಪಾಲು ಗಟ್ಟಿಯಾಗಿ ನಿಂತುಬಿಟ್ಟಿರುತ್ತದೆ ಎಂಬುದನ್ನು ಒಪ್ಪಲೇಬೇಕು. ಹಾಗೆ ನಿಂತ ಮಾತು ಕೆಲವೊಮ್ಮೆ ಬಾಯಿಪಾಠದಂತೆ ಕೇಳುವುದೂ ನಿಜ. ಆದರೆ ಆಶುತ್ವದ ಜಾಗ ಪೀಠಿಕೆಯಲ್ಲ, ಸಂವಾದ. ಅಲ್ಲಿ ಬೇಕಾಗುವ ಪ್ರತ್ಯುತ್ಪನ್ನಮತಿ ಬರಿದಾದ ಮನಸ್ಸಿಗೆ ಒದಗುವಂಥದಲ್ಲ. ಹಿಂದೊಮ್ಮೆ ಉತ್ತರ ಸಿಗದೆ ಮೌನವಾದ ಜಾಗವನ್ನು ಮನಸ್ಸಿನಲ್ಲಿ ಹತ್ತು ಸಲ ಉತ್ತವನಿಗೇ ಅದು ಸಮಯಕ್ಕೆ ಮೊಳೆಯುವುದು.

ಈಗ ಧ್ವನಿಮುದ್ರಣ ಇದೆಯಲ್ಲ, ನೆನಪಿನ ಹಂಗೇಕೆ ಎನ್ನುವವರಿದ್ದಾರೆ. ಮಂಗಳೂರು ಆಕಾಶವಾಣಿ ಕೇಂದ್ರ 1976ರಲ್ಲಿ ಶುರುವಾಯಿತು. ಆಮೇಲೆ ಕ್ಯಾಸೆಟ್ಟುಗಳು, ಈಗ ಮೊಬೈಲು. ಅರ್ಥಧಾರಿ ತನ್ನ ದನಿಯನ್ನು ತಾನೇ ಕೇಳುವ ಅವಕಾಶ ಹಿಂದಿನವರಿಗೆ ಇರಲಿಲ್ಲ, ಅದರ ಲಾಭ ದೊಡ್ಡದು: ಉಸಿರು ಎಲ್ಲಿ ಮುರಿಯಿತು, ಒಂದೇ ಶಬ್ದ ಎಷ್ಟು ಸಲ ಬಂತು ಎಂಬುದಕ್ಕೆ ಯಂತ್ರಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಆದರೆ ಯಂತ್ರ ಹಿಡಿಯುವುದು ಹೇಳಿದ್ದನ್ನು ಮಾತ್ರ. ಹೇಳಬಹುದಾಗಿದ್ದು, ಹೇಳದೆ ಬಿಟ್ಟದ್ದು ಅದರಲ್ಲಿಲ್ಲ. ಮರುಚಿಂತನೆಯ ಬಹುಭಾಗ ಇರುವುದು ಅಲ್ಲೇ. ಮೇಲಾಗಿ ಹಿರಿಯರ ಮುದ್ರಿಕೆ ಕೇಳಿ ಕಲಿತ ಕಿರಿಯರಿಗೆ ಸಿದ್ಧ ವಾಕ್ಯ ಸಿಗುತ್ತದೆ, ಆ ವಾಕ್ಯಕ್ಕೆ ಮುನ್ನ ಕೈಬಿಟ್ಟ ಹತ್ತು ವಾಕ್ಯಗಳು ಸಿಗುವುದಿಲ್ಲ. ಕೂಟಗಳನ್ನು ಮುದ್ರಿಸಿಡುವ ಶ್ರದ್ಧೆ ನಮ್ಮಲ್ಲಿ ಬೇಕಾದಷ್ಟಿದೆ. ಮಂಗಳ ಹಾಡಿದ ಮೇಲೆ ಯಂತ್ರವನ್ನು ಆರಿಸದೆ, ಇವತ್ತು ರಾಮನ ಈ ಉತ್ತರವನ್ನು ಯಾಕೆ ಬದಲಿಸಿದಿರಿ ಎಂದು ಹಿರಿಯ ಅರ್ಥಧಾರಿಯನ್ನು ಕೇಳಿ, ಅವರು ಹೇಳುವುದನ್ನೂ ಮುದ್ರಿಸಿಡುವ ಕೆಲಸ ಈಗಲೇ ಆಗಬೇಕು.